ಎಂಜಿನ್ ಬಿಚ್ಚುವ ಮೊದಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಳೆ ಡೀಸೆಲ್ ಟ್ರ್ಯಾಕ್ಟರ್‌ಗಳ ಎಂಜಿನ್ ಸವೆತದ ಬಗ್ಗೆಯೇ ಇವೆ. ಮೊದಲ ಪತ್ರಕ್ಕೆ ಉದ್ದವಾಗಿಯೇ ಉತ್ತರ ಬರೆದಿದ್ದೇನೆ. ಉಳಿದವರು ಅದನ್ನೂ ಓದಿ. ಒಂದು ತೊಂದರೆಯನ್ನು ಹುಡುಕುವ ದಾರಿಯಲ್ಲೇ ಇನ್ನೊಂದೂ ಸಿಗುತ್ತದೆ.

ಪ್ರಶ್ನೆ: ಸರ್, ನನ್ನದು ಮೂರು ಸಿಲಿಂಡರಿನ ಹಳೆ ಟ್ರ್ಯಾಕ್ಟರ್. ಬೆಳಿಗ್ಗೆ ತುಂಬಾ ಹೊತ್ತು ಸೆಲ್ಫ್ ಹೊಡೆದರೆ ಮಾತ್ರ ಸ್ಟಾರ್ಟ್ ಆಗುತ್ತದೆ. ಆಮೇಲೆ ನೀಲಿ ಹೊಗೆ. ಎಂಜಿನ್ ಉಸಿರು ಬಿಡುವ ಬ್ರೀದರ್ ಪೈಪಿನಿಂದಲೂ ಹೊಗೆ ಬರುತ್ತದೆ. ಆಯಿಲ್ ಆಗಾಗ ಹಾಕಬೇಕು. ನೇಗಿಲು ಇಳಿಸಿದರೆ ಎಂಜಿನ್ ಕುಗ್ಗುತ್ತದೆ. ನೋಡಿದ ಮೆಕ್ಯಾನಿಕ್ ‘ರಿಂಗ್, ಲೈನರ್ ಹೋಗಿವೆ, ಬಿಚ್ಚಲೇಬೇಕು’ ಎಂದರು. ನಿಜವಾಗಿಯೂ ಬಿಚ್ಚಬೇಕಾ?

ಉತ್ತರ: ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ ಇರಬಹುದು. ಪಿಸ್ಟನ್ ಓಡಾಡುವ ಕೊಳವೆಯೇ ಲೈನರ್, ಅವೆರಡರ ನಡುವಿನ ಸಂದು ಮುಚ್ಚುವುದು ಪಿಸ್ಟನ್ ಸುತ್ತ ಕೂತ ರಿಂಗ್. ನೀವು ಬರೆದ ಲಕ್ಷಣಗಳೆಲ್ಲ ಸೇರಿದರೆ ಯಾರಿಗಾದರೂ ಮೊದಲು ರಿಂಗಿನ ನೆನಪೇ ಬರುತ್ತದೆ. ಆದರೆ ಅವರು ಒಂದು ಮಾತು ಹೇಳಿಲ್ಲ. ಸವೆದದ್ದು ಏಕೆ? ಅದು ಗೊತ್ತಾಗದೆ ಹೊಸ ಲೈನರ್ ಹಾಕಿಸಿದರೆ, ಹಳೆಯದನ್ನು ತಿಂದ ಕಾರಣವೇ ಹೊಸದನ್ನೂ ತಿನ್ನುತ್ತದೆ. ಎಂಜಿನ್ ಬಿಚ್ಚಿ, ತೊಳೆದು, ಮೇಜಿನ ಮೇಲೆ ಹರಡಿದ ಮೇಲೆ ಆ ಕಾರಣದ ಗುರುತುಗಳು ಅರ್ಧ ಅಳಿಸಿ ಹೋಗಿರುತ್ತವೆ. ಹಾಗಾಗಿ ಬಿಚ್ಚುವ ಮೊದಲೇ ಎಂಜಿನ್ನನ್ನು ಚೆನ್ನಾಗಿ ವಿಚಾರಿಸಿಕೊಳ್ಳಬೇಕು.

ಒಂದೊಂದಾಗಿ ನೋಡೋಣ. ಬೆಳಿಗ್ಗೆ ಸ್ಟಾರ್ಟ್ ಆಗದಿರುವುದಕ್ಕೆ ರಿಂಗ್ ಒಂದೇ ಕಾರಣ ಅಲ್ಲ. ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಕೊಡುವ ಪ್ಲಗ್ ಇಲ್ಲ. ಗಾಳಿಯನ್ನು ಹದಿನಾರು ಹದಿನೆಂಟು ಪಟ್ಟು ಒತ್ತಿದಾಗ ಹುಟ್ಟುವ ಶಾಖದಿಂದಲೇ ಡೀಸೆಲ್ ಹೊತ್ತಿಕೊಳ್ಳಬೇಕು. ಬ್ಯಾಟರಿ ಸೊರಗಿ ಸೆಲ್ಫ್ ನಿಧಾನವಾಗಿ ತಿರುಗಿದರೆ, ಒತ್ತಿದ ಗಾಳಿಗೆ ಸೋರಿಹೋಗಲು ಜಾಸ್ತಿ ಸಮಯ ಸಿಗುತ್ತದೆ. ಶಾಖವೂ ತಣ್ಣಗಿನ ಲೈನರ್ ಗೋಡೆಗೆ ಇಳಿದುಹೋಗುತ್ತದೆ. ಆಗ ಒಳ್ಳೆ ರಿಂಗ್ ಇರುವ ಎಂಜಿನ್ನೂ ಮುನಿಸಿಕೊಳ್ಳುತ್ತದೆ. ಆದ್ದರಿಂದ ಮೊದಲು ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ. ಅರ್ತ್ ಕೇಬಲ್ ಬಿಚ್ಚಿ, ಅದು ಕೂರುವ ಜಾಗದ ತುಕ್ಕು ಕೆರೆದು, ಬಿಗಿಯಾಗಿ ಹಾಕಿ. ಹೀಟರ್ ಇದ್ದರೆ ಅದು ಬಿಸಿಯಾಗುತ್ತದಾ ನೋಡಿ. ಡೀಸೆಲ್ ಲೈನಿನಲ್ಲಿ ಏರ್ ಹಿಡಿಯುತ್ತಿದೆಯಾ ಎಂಬುದನ್ನೂ ನೋಡಿ. ಇಷ್ಟು ಮಾಡಿದ ಮೇಲೂ ಬೆಳಿಗ್ಗೆ ಹಟ ಮಾಡಿ, ಒಮ್ಮೆ ಬಿಸಿಯಾದ ಮೇಲೆ ಮುಟ್ಟಿದರೆ ಸ್ಟಾರ್ಟ್ ಆಗುತ್ತದೆ ಎಂದಾದರೆ ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗೆ ಗಾಳಿ ಒತ್ತುವ ಬಲದ ಮೇಲೆ ಅನುಮಾನ ಪಡಿ. ಇದಕ್ಕೆ ಉಲ್ಟಾ, ತಣ್ಣಗಿದ್ದಾಗ ಸಲೀಸು, ಬಿಸಿಯಾಗಿ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗಲ್ಲ ಎಂದಾದರೆ ಸವೆದದ್ದು ಡೀಸೆಲ್ ಪಂಪ್ ಇರಬಹುದು. ಬಿಸಿಯಾದ ಡೀಸೆಲ್ ತೆಳ್ಳಗಾಗಿ, ಸವೆದ ಪಂಪಿನ ಒಳಗೇ ಸೋರುತ್ತದೆ.

ಇನ್ನು ನೀಲಿ ಹೊಗೆ. ನೀಲಿ ಎಂದರೆ ಆಯಿಲ್ ಉರಿಯುತ್ತಿದೆ, ಅದರಲ್ಲಿ ಸಂದೇಹ ಇಲ್ಲ. ಆದರೆ ಆ ಆಯಿಲ್ ಎಲ್ಲಿಂದ ಬಂತು? ನಿಮ್ಮದು ಆಯಿಲ್ ತುಂಬುವ ಏರ್ ಕ್ಲೀನರ್ ಆದರೆ ಕೆಳಗಿನ ಬಟ್ಟಲನ್ನು ಇಳಿಸಿ ನೋಡಿ. ಗುರುತಿಗಿಂತ ಮೇಲೆ ತುಂಬಿದ್ದರೆ ಎಂಜಿನ್ ಆ ಆಯಿಲನ್ನೇ ಎಳೆದುಕೊಂಡು ಉರಿಸುತ್ತದೆ. ಇದು ಬರೀ ಹೊಗೆಯ ವಿಚಾರ ಅಲ್ಲ. ಜಾಸ್ತಿ ಎಳೆದರೆ ಎಂಜಿನ್ ಆಯಿಲ್ ಮೇಲೆಯೇ ಓಡತೊಡಗಿ, ಸ್ಟಾಪ್ ಎಳೆದರೂ ನಿಲ್ಲದೆ ರೇಸ್ ಆಗುತ್ತಾ ಹೋಗುವ ಅಪಾಯ ಇದೆ. ಹಾಗೆ ಆದರೆ ಗಾಳಿ ಒಳಗೆ ಹೋಗುವ ಬಾಯಿಯನ್ನು ಹಲಗೆಯಿಂದ ಮುಚ್ಚಬೇಕು, ಕೈಯಿಂದ ಅಲ್ಲ.

ವಾಲ್ವ್ ಗೈಡ್, ಅಂದರೆ ವಾಲ್ವ್ ಓಡಾಡುವ ಕೊಳವೆ ಸವೆದರೂ ನೀಲಿ ಹೊಗೆ ಬರುತ್ತದೆ. ರಾತ್ರಿಯಿಡೀ ನಿಂತ ಟ್ರ್ಯಾಕ್ಟರನ್ನು ಸ್ಟಾರ್ಟ್ ಮಾಡಿದಾಗ ಒಮ್ಮೆ ಭುಸ್ಸೆಂದು ನೀಲಿ ಹೊಗೆ ಬಂದು, ಸ್ವಲ್ಪ ಹೊತ್ತಿಗೆ ತಿಳಿಯಾದರೆ ಗೈಡ್ ನೋಡಿ. ಲೋಡ್ ಬಿದ್ದಾಗ ಬಿಡದೆ ಬಂದು, ಜೊತೆಗೆ ಬ್ರೀದರ್ ಕೂಡ ಉಸಿರುಬಿಟ್ಟರೆ ರಿಂಗ್ ನೋಡಿ.

ನೇಗಿಲು ಇಳಿಸಿದಾಗ ಕುಗ್ಗುತ್ತದೆ ಎಂದಿದ್ದೀರಿ. ಆಗ ಸೈಲೆನ್ಸರಿನಲ್ಲಿ ಯಾವ ಬಣ್ಣ ಎಂದು ಬರೆದಿಲ್ಲ. ಅದೇ ಮುಖ್ಯ. ಕಪ್ಪು ಹೊಗೆ ಉಗುಳುತ್ತಾ ಕುಗ್ಗಿದರೆ ಡೀಸೆಲ್ ಬರುತ್ತಿದೆ, ಪೂರ್ತಿ ಉರಿಯುತ್ತಿಲ್ಲ. ಏರ್ ಕ್ಲೀನರ್ ಕಟ್ಟಿರಬಹುದು, ಡೀಸೆಲ್ ಚಿಮುಕಿಸುವ ನಾಜಲ್ ಕೆಟ್ಟಿರಬಹುದು, ಕಂಪ್ರೆಶನ್ ಕಮ್ಮಿ ಇರಬಹುದು. ಹೊಗೆಯೇ ಇಲ್ಲದೆ ಕುಗ್ಗಿದರೆ ಡೀಸೆಲ್ಲೇ ಸಾಲುತ್ತಿಲ್ಲ. ಫಿಲ್ಟರ್, ಫೀಡ್ ಪಂಪ್, ಟ್ಯಾಂಕಿನ ಜಾಲರಿ ನೋಡಿ. ಇವಕ್ಕೂ ಲೈನರಿಗೂ ಸಂಬಂಧ ಇಲ್ಲ. ಸುಮ್ನೆ ಎಂಜಿನ್ ಬಿಚ್ಚಿಸಿ, ಕೊನೆಗೆ ಫಿಲ್ಟರ್ ಬದಲಿಸಿದ ಮೇಲೆ ಪಿಕಪ್ ಬಂದಿದೆ ಎಂಬ ಮಾತನ್ನು ನಾನು ಕೇಳುತ್ತಲೇ ಇರುತ್ತೇನೆ.

ಈಗ ಬ್ರೀದರ್. ಎಂಜಿನ್ ಪೂರ್ತಿ ಬಿಸಿಯಾಗಲಿ. ಸ್ಲೋನಲ್ಲಿ ಬಿಟ್ಟು ಆಯಿಲ್ ಹಾಕುವ ಮುಚ್ಚಳ ಬಿಚ್ಚಿ, ಅದನ್ನೇ ಉಲ್ಟಾ ಮಾಡಿ ಬಾಯಿ ಮೇಲೆ ಸುಮ್ನೆ ಇಡಿ. ಸಣ್ಣಗೆ ನಡುಗುತ್ತಾ ಕೂತಿದ್ದರೆ ಭಯ ಇಲ್ಲ. ಎಲ್ಲ ಡೀಸೆಲ್ ಎಂಜಿನ್ನೂ ಸ್ವಲ್ಪ ಉಸಿರು ಬಿಡುತ್ತದೆ. ಮುಚ್ಚಳ ಹಾರಿ ಬಿದ್ದರೆ ಗ್ಯಾಸ್ ಪಿಸ್ಟನ್ ದಾಟಿ ಕೆಳಗೆ ಇಳಿಯುತ್ತಿದೆ. ಕೈಯನ್ನು ಬಾಯಿಗೆ ಅಡ್ಡ ಹಿಡಿದು ತಾಳ ಗಮನಿಸಿ. ಒಂದೇ ಸಮನೆ ಬರುತ್ತಿದ್ದರೆ ಎಲ್ಲ ಸಿಲಿಂಡರೂ ಸವೆದಿವೆ. ಬಿಟ್ಟು ಬಿಟ್ಟು ಒಂದೊಂದು ಪುಸ್ ಎಂದು ಬಂದರೆ ತಪ್ಪು ಒಂದೇ ಸಿಲಿಂಡರಿನದು.

ಯಾವ ಸಿಲಿಂಡರ್ ಎಂದು ತಿಳಿಯಲು ಹಳೆ ಮೇಸ್ತ್ರಿಗಳ ಉಪಾಯ ಇದೆ. ಸ್ಲೋನಲ್ಲಿ ಓಡುವಾಗ ಒಂದು ನಾಜಲಿಗೆ ಹೋಗುವ ಪೈಪಿನ ನಟ್ ಸ್ವಲ್ಪ ಸಡಿಲ ಮಾಡಿ. ಆ ಸಿಲಿಂಡರ್ ಉರಿಯುವುದು ನಿಲ್ಲುತ್ತದೆ. ಎಂಜಿನ್ ತಡವರಿಸಿ ಸದ್ದು ಬದಲಾದರೆ ಆ ಸಿಲಿಂಡರ್ ಇಷ್ಟು ಹೊತ್ತು ಸರಿಯಾಗಿ ದುಡಿಯುತ್ತಿತ್ತು ಎಂದರ್ಥ. ಏನೂ ಬದಲಾಗದಿದ್ದರೆ ಅದು ಮೊದಲಿನಿಂದಲೂ ದುಡಿಯುತ್ತಿರಲಿಲ್ಲ. ನಟ್ ಬಿಗಿ ಮಾಡಿ ಮುಂದಿನದಕ್ಕೆ ಹೋಗಿ. ಹಾಗೆ ಮಾಡುವಾಗ ಇನ್ನೊಬ್ಬರು ಬ್ರೀದರ್ ನೋಡುತ್ತಿರಲಿ. ಯಾವ ನಟ್ ಸಡಿಲಿಸಿದಾಗ ಬ್ರೀದರಿನ ಪುಸ್ ಕಮ್ಮಿ ಆಗುತ್ತದೋ ಆ ಸಿಲಿಂಡರಿನಲ್ಲೇ ಗ್ಯಾಸ್ ಇಳಿಯುತ್ತಿದೆ.

ಇಲ್ಲಿ ಒಂದು ಮಾತು ದಯವಿಟ್ಟು ಮರೆಯಬೇಡಿ. ಆ ಪೈಪಿನಲ್ಲಿ ಸಾವಿರಾರು ಪಿಎಸ್‌ಐ ಒತ್ತಡ ಇರುತ್ತದೆ. ಸೂಜಿಯಂತೆ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸಣ್ಣ ಚುಕ್ಕೆ ಮಾತ್ರ ಕಾಣುತ್ತದೆ, ನೋವೂ ಮೊದಲಿಗೆ ಅಷ್ಟಿರಲ್ಲ. ಆದರೆ ಒಳಗೆ ಮಾಂಸ ಸಾಯುತ್ತದೆ, ಬೆರಳು ಕತ್ತರಿಸುವ ಪರಿಸ್ಥಿತಿಯೂ ಬರಬಹುದು. ಕನ್ನಡಕ ಹಾಕಿ, ನಟ್ ಮೇಲೆ ದಪ್ಪ ಬಟ್ಟೆ ಹಾಕಿ, ಕಾಲು ಸುತ್ತಿಗಿಂತ ಕಮ್ಮಿ ಸಡಿಲಿಸಿ, ಬೆರಳನ್ನು ಹತ್ತಿರ ತರಬೇಡಿ. ಹಾಗೇನಾದರೂ ಚುಚ್ಚಿದರೆ ಆಗಲೇ ಆಸ್ಪತ್ರೆಗೆ ಹೋಗಿ, ‘ಒತ್ತಡದ ಡೀಸೆಲ್ ಒಳಗೆ ಹೋಗಿದೆ’ ಎಂದು ಬಿಡಿಸಿ ಹೇಳಿ.

ಅನುಮಾನ ಗಟ್ಟಿಯಾದರೆ ಕಂಪ್ರೆಶನ್ ಗೇಜ್ ಹಾಕಿಸಿ. ಪೆಟ್ರೋಲ್ ಎಂಜಿನ್ನಿನ ಗೇಜ್ ಇದಕ್ಕೆ ಆಗಲ್ಲ. ನಾಜಲ್ ಕೂರುವ ಜಾಗಕ್ಕೆ ಸರಿಹೊಂದುವ ಅಡಾಪ್ಟರ್ ಇರುವ ಡೀಸೆಲ್ ಗೇಜೇ ಬೇಕು. ಎಂಜಿನ್ ಬಿಸಿ ಇರಬೇಕು, ಬ್ಯಾಟರಿ ಪೂರ್ತಿ ಇರಬೇಕು, ಸ್ಟಾಪ್ ಎಳೆದಿರಬೇಕು, ಏರ್ ಕ್ಲೀನರ್ ಕಟ್ಟಿರಬಾರದು. ಇಂಥ ಹಳೆ ಎಂಜಿನ್‌ಗಳು ಆರೋಗ್ಯವಾಗಿದ್ದರೆ ಸಾಮಾನ್ಯವಾಗಿ 350ರಿಂದ 450 ಪಿಎಸ್‌ಐ ತೋರಿಸುತ್ತವೆ. ನಿಮ್ಮ ಎಂಜಿನ್ನಿನ ಪುಸ್ತಕದಲ್ಲಿ ಇರುವ ಅಂಕಿಯೇ ಕೊನೆಯ ಮಾತು. ನಾನು ಅಂಕಿಗಿಂತ ಸಿಲಿಂಡರುಗಳ ನಡುವಿನ ವ್ಯತ್ಯಾಸವನ್ನು ಜಾಸ್ತಿ ನೋಡುತ್ತೇನೆ. ಸೆಲ್ಫ್ ನಿಧಾನವಾದರೆ ಎಲ್ಲವೂ ಒಟ್ಟಿಗೆ ಕಮ್ಮಿ ತೋರಿಸುತ್ತವೆ. ಆದರೆ ಎರಡು 380 ತೋರಿಸಿ ಒಂದು 270 ತೋರಿಸಿದರೆ ಸೆಲ್ಫನ್ನು ದೂರುವಂತಿಲ್ಲ. 50 ಪಿಎಸ್‌ಐಗಿಂತ ಹೆಚ್ಚಿನ ಅಂತರ ಇದ್ದರೆ ಆ ಸಿಲಿಂಡರಿನಲ್ಲಿ ಏನೋ ಇದೆ.

ಕೆಲವರು ಕಂಪ್ರೆಶನ್ ಕಮ್ಮಿ ಇರುವ ಸಿಲಿಂಡರಿಗೆ ಆಯಿಲ್ ಬಿಟ್ಟು ಮತ್ತೆ ನೋಡುತ್ತಾರೆ. ಒತ್ತಡ ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಎಂಬ ಲೆಕ್ಕ. ಪೆಟ್ರೋಲ್ ಎಂಜಿನ್ನಿಗೆ ಇದು ಸರಿ. ಡೀಸೆಲ್‌ನಲ್ಲಿ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ತೀರಾ ಕಿರಿದು. ಆಯಿಲ್ ಸ್ವಲ್ಪ ಜಾಸ್ತಿಯಾದರೂ ಅದೇ ಜಾಗ ತುಂಬಿ ಸುಳ್ಳು ಅಂಕಿ ತೋರಿಸುತ್ತದೆ. ಇನ್ನೂ ಜಾಸ್ತಿಯಾದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಅದರ ಬದಲು ಕಂಪ್ರೆಸರ್ ಗಾಳಿಯನ್ನು ನಾಜಲ್ ತೂತಿನಿಂದ ಬಿಡಿಸಿ. ಪಿಸ್ಟನ್ ಮೇಲೆ ಇದ್ದು ಎರಡೂ ವಾಲ್ವ್ ಮುಚ್ಚಿರಬೇಕು. ಟ್ರ್ಯಾಕ್ಟರ್ ಗೇರಿನಲ್ಲಿದ್ದು ಬ್ರೇಕ್ ಹಾಕಿರಬೇಕು, ಇಲ್ಲದಿದ್ದರೆ ಎಂಜಿನ್ ತಿರುಗಿಬಿಡುತ್ತದೆ. ಆಮೇಲೆ ಕಿವಿಕೊಟ್ಟು ಕೇಳಿ. ಏರ್ ಕ್ಲೀನರ್ ಕಡೆ ಸುಯ್ ಎಂದರೆ ಇನ್‌ಲೆಟ್ ವಾಲ್ವ್, ಸೈಲೆನ್ಸರಿನಲ್ಲಿ ಕೇಳಿದರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಹಾಕುವ ಬಾಯಿಯಲ್ಲಿ ಕೇಳಿದರೆ ರಿಂಗ್. ರೇಡಿಯೇಟರಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಎಲ್ಲೋ ಬಿರುಕು. ಸೋರುವುದು ವಾಲ್ವ್ ಎಂದಾದರೆ ಮೊದಲು ಟ್ಯಾಪೆಟ್ ಗ್ಯಾಪ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವಿನ ಸಂದು ನೋಡಿ. ಗ್ಯಾಪ್ ತೀರಾ ಬಿಗಿಯಾಗಿ ವಾಲ್ವ್ ಪೂರ್ತಿ ಕೂರದಿದ್ದರೂ ಹೀಗೇ ಆಗುತ್ತದೆ. ಅಷ್ಟಕ್ಕೇ ಮುಗಿದರೆ ಬಿಚ್ಚುವ ಮಾತೇ ಇಲ್ಲ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವ ವಿಷಯ. ರಿಂಗೇ ಸವೆದಿದೆ ಎಂದು ಖಾತ್ರಿಯಾಯಿತು ಎನ್ನಿ. ಏರ್ ಕ್ಲೀನರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಹೋಸ್ ಬಿಚ್ಚಿ. ಎಂಜಿನ್ ಕಡೆಯ ಬಾಯಿಯೊಳಗೆ ತೋರುಬೆರಳು ಹಾಕಿ ಒಂದು ಸುತ್ತು ಒರೆಸಿ. ಆಮೇಲೆ ಆ ಬೆರಳನ್ನು ಹೆಬ್ಬೆರಳಿಗೆ ತಿಕ್ಕಿ ನೋಡಿ. ಒಣಗಿ ಸ್ವಚ್ಛವಾಗಿದ್ದರೆ, ಅಥವಾ ತೆಳ್ಳಗೆ ಜಿಡ್ಡು ಮಾತ್ರ ಇದ್ದರೆ ಸರಿ. ಹಿಟ್ಟಿನಷ್ಟು ನಯವಾದ ಮಣ್ಣು ಬಂದು, ತಿಕ್ಕಿದಾಗ ಕರಕರ ಎಂದರೆ ನಿಮ್ಮ ಲೈನರ್ ತಿಂದ ಕಳ್ಳ ಸಿಕ್ಕಿಬಿದ್ದ. ಹೋಸನ್ನು ಬಗ್ಗಿಸಿ ಬಿಸಿಲಿಗೆ ಹಿಡಿಯಿರಿ. ಮಡಿಕೆಯ ಒಳಗೆ, ಕ್ಲಿಪ್ ಕಚ್ಚಿದ ಜಾಗದ ಕೆಳಗೆ ಕೂದಲೆಳೆಯಂಥ ಬಿರುಕುಗಳು ಇರುತ್ತವೆ. ಹೊರಗಿನಿಂದ ನೋಡಿದರೆ ಕಾಣುವುದೇ ಇಲ್ಲ. ಕ್ಲಿಪ್ ಸಡಿಲ, ಏರ್ ಕ್ಲೀನರ್ ಬಟ್ಟಲಿನ ರಬ್ಬರ್ ರಿಂಗ್ ಗಟ್ಟಿಯಾಗಿರುವುದು, ಆಯಿಲ್ ಕಮ್ಮಿ, ತಳದಲ್ಲಿ ಕೆಸರು ಕಟ್ಟಿರುವುದು, ಇವೆಲ್ಲ ಒಂದೇ ಕೆಲಸ ಮಾಡುತ್ತವೆ. ಸೋಸದ ಗಾಳಿ ಒಳಗೆ ಹೋಗುತ್ತದೆ. ಆ ಧೂಳು ಆಯಿಲ್ ಜೊತೆ ಸೇರಿ ಲೈನರನ್ನು ಉಜ್ಜುತ್ತಲೇ ಇರುತ್ತದೆ.

ಹೆಡ್ ಬಿಚ್ಚಿದ ಮೇಲೂ ಸಾಕ್ಷಿ ಹುಡುಕಿ. ಗಾಳಿಯಿಂದ ಬಂದ ಧೂಳು ಲೈನರಿನ ಮೇಲ್ಭಾಗವನ್ನೂ ಮೇಲಿನ ರಿಂಗನ್ನೂ ಮೊದಲು ತಿನ್ನುತ್ತದೆ. ಧೂಳು ಇಲ್ಲದಿದ್ದರೂ ಮೇಲ್ಭಾಗವೇ ಮೊದಲು ಸವೆಯುವುದು ಸಹಜ. ಪಿಸ್ಟನ್ ಮೇಲೆ ಬಂದು ಒಂದು ಕ್ಷಣ ನಿಲ್ಲುತ್ತದೆ, ಗ್ಯಾಸಿನ ಒತ್ತಡ ಅಲ್ಲೇ ಜಾಸ್ತಿ, ಆಯಿಲ್ ಪದರ ಅಲ್ಲೇ ತೆಳು. ಆದರೆ ಧೂಳು ತಿಂದ ಎಂಜಿನ್‌ನಲ್ಲಿ ಮೇಲಿನ ಸವೆತ ತೀರಾ ಎದ್ದು ಕಾಣುತ್ತದೆ, ಬೇರಿಂಗ್‌ಗಳು ಮಾತ್ರ ಅಷ್ಟು ಕೆಟ್ಟಿರುವುದಿಲ್ಲ. ಬೇರಿಂಗುಗಳೂ ಗೀಚಿಹೋಗಿದ್ದರೆ ಕೊಳೆ ಆಯಿಲ್ ಮೂಲಕ ಓಡಾಡಿದೆ. ಆಯಿಲ್ ಬದಲಿಸುವ ಅಭ್ಯಾಸ, ಫಿಲ್ಟರ್, ಆಯಿಲ್ ತುಂಬುವ ಡಬ್ಬದ ಸ್ವಚ್ಛತೆ ನೋಡಿಕೊಳ್ಳಿ.

ಸವೆತ ಎಷ್ಟು ಎಂದು ಅಳೆಯಲು ಲೈನರಿನ ಒಳ ಅಗಲ (ಬೋರು) ಅಳೆಯುವ ಬೋರ್ ಗೇಜ್ ಇಲ್ಲದಿದ್ದರೆ, ಸಂದು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್ ಸಾಕು. ಪಿಸ್ಟನ್ ಹೊರಗೆ ಬಂದ ಮೇಲೆ ಒಂದು ರಿಂಗ್ ತೆಗೆದು ಲೈನರಿನ ತಳಕ್ಕೆ, ರಿಂಗ್ ಓಡಾಡದ ಜಾಗಕ್ಕೆ ಇಳಿಸಿ. ಪಿಸ್ಟನ್ನನ್ನೇ ಉಲ್ಟಾ ಹಿಡಿದು ಒತ್ತಿದರೆ ರಿಂಗ್ ಓರೆಯಾಗದೆ ಕೂರುತ್ತದೆ. ತುದಿಗಳ ನಡುವಿನ ಗ್ಯಾಪ್ ಅಳೆಯಿರಿ. ಆಮೇಲೆ ಅದೇ ರಿಂಗನ್ನು ಮೇಲೆ ತಂದು, ಜಾಸ್ತಿ ಸವೆದ ಜಾಗದಲ್ಲಿ ಇಟ್ಟು ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸವನ್ನು 3.14ರಿಂದ ಭಾಗಿಸಿ. ಬೋರು ಎಷ್ಟು ಅಗಲವಾಗಿದೆ ಎಂದು ಗೊತ್ತಾಗುತ್ತದೆ. ತಳದಲ್ಲಿ 0.35 ಮಿ.ಮೀ., ಮೇಲೆ 1.15 ಮಿ.ಮೀ. ಎನ್ನಿ. ವ್ಯತ್ಯಾಸ 0.80, ಅಂದರೆ ಬೋರು ಸುಮಾರು 0.25 ಮಿ.ಮೀ. ದೊಡ್ಡದಾಗಿದೆ. ಅಷ್ಟು ಸವೆದ ಲೈನರಿಗೆ ಬರೀ ಹೊಸ ರಿಂಗ್ ಹಾಕುವುದು ನನ್ನ ಪ್ರಕಾರ ದುಡ್ಡಿಗೂ ದುಡಿಮೆಗೂ ನಷ್ಟ. ಮೇಲಿನ ಅಂಚಿನಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಮೆಟ್ಟಿಲು ಇದ್ದರೆ ಹೊಸ ರಿಂಗ್ ಅದಕ್ಕೆ ಬಡಿದು ಮುರಿಯಲೂಬಹುದು. ಹೊಸ ರಿಂಗಿನ ಗ್ಯಾಪ್‌ಗೆ ರೂಢಿಯ ಲೆಕ್ಕ 100 ಮಿ.ಮೀ. ಬೋರಿಗೆ 0.3ರಿಂದ 0.4 ಮಿ.ಮೀ. ಉದಾಹರಣೆಗೆ ಮ್ಯಾಸಿ ಫರ್ಗುಸನ್ 135ರ ಮೂರು ಸಿಲಿಂಡರಿನ ಪರ್ಕಿನ್ಸ್ ಡೀಸೆಲ್ ಎಂಜಿನ್ನಿನ ಬೋರು 91.4 ಮಿ.ಮೀ. ಅದಕ್ಕೂ ಹೆಚ್ಚುಕಮ್ಮಿ ಅಷ್ಟೇ ಬರುತ್ತದೆ.

ಕೊನೆಗೆ ಬಿಚ್ಚಿಸುವುದೇ ಆದರೆ ಹೊಸ ಲೈನರ್ ಜೊತೆ ಹೊಸ ಹೋಸನ್ನೂ ಕ್ಲಿಪ್ಪನ್ನೂ ಕೇಳಿ ಹಾಕಿಸಿ.

ಪ್ರಶ್ನೆ: ಬಿಸಿಯಾದ ಮೇಲೆ ಸ್ಲೋನಲ್ಲಿ ಆಯಿಲ್ ಲೈಟ್ ಮಿನುಗುತ್ತದೆ. ರೇಸ್ ಮಾಡಿದರೆ ಆರುತ್ತದೆ. ದಪ್ಪ ಆಯಿಲ್ ಹಾಕಿದರೆ ಸರಿ ಹೋಗುತ್ತದೆ ಎನ್ನುತ್ತಾರೆ. ಹಾಕಲಾ?

ಉತ್ತರ: ಬೇಡ. ದಪ್ಪ ಆಯಿಲ್ ಹಾಕಿದರೆ ಲೈಟ್ ಆರಬಹುದು, ಸವೆತ ನಿಲ್ಲುವುದಿಲ್ಲ. ತಣ್ಣಗಿದ್ದಾಗ ದಪ್ಪ ಆಯಿಲ್ ಬೇರಿಂಗಿಗೆ ತಲುಪುವುದೂ ತಡ.

ಮೊದಲು ಲೈಟಿನ ಮಾತು ನಂಬಬೇಕಾ ಎಂದು ನೋಡಿ. ಆಯಿಲ್ ಸ್ವಿಚ್ ಬಿಚ್ಚಿ, ಅದೇ ತೂತಿಗೆ ಮುಳ್ಳಿರುವ ಗೇಜ್ ಹಾಕಿಸಿ. ಬಿಸಿ ಎಂಜಿನ್‌ನಲ್ಲಿ ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ ಇರಬೇಕು ಎಂಬುದು ಹಳೆ ಲೆಕ್ಕ. ಅಷ್ಟಿದ್ದರೆ ಸ್ವಿಚ್ ಬದಲಿಸಿ, ನೆಮ್ಮದಿಯಾಗಿರಿ. ಗೇಜಿನಲ್ಲೂ ಕಮ್ಮಿ ಇದ್ದರೆ ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಡೀಸೆಲ್ ವಾಸನೆ ಬರುತ್ತಾ, ಆಯಿಲ್ ಮಟ್ಟ ಹಾಕದೆಯೇ ಏರಿದ್ದರೆ ಫೀಡ್ ಪಂಪಿನ ಡಯಾಫ್ರಾಮ್ ಹರಿದಿರಬಹುದು, ಡೀಸೆಲ್ ಪಂಪಿನ ಸೀಲ್ ಹೋಗಿರಬಹುದು, ಇಲ್ಲವೇ ನಾಜಲ್ ತೊಟ್ಟಿಕ್ಕುತ್ತಿರಬಹುದು. ತೆಳ್ಳಗಾದ ಆಯಿಲಿಗೆ ಒತ್ತಡ ಎಲ್ಲಿಂದ ಬರಬೇಕು? ಅದನ್ನು ಸರಿಮಾಡಿ, ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಮತ್ತೆ ಗೇಜ್ ನೋಡಿ.

ಬಿಚ್ಚಿದ ಹಳೆ ಫಿಲ್ಟರನ್ನು ಎಸೆಯಬೇಡಿ. ಡಬ್ಬ ಕತ್ತರಿಸಿ, ಒಳಗಿನ ಕಾಗದವನ್ನು ಹರಡಿ, ಬಿಸಿಲಿನಲ್ಲಿ ಓರೆಯಾಗಿ ಹಿಡಿಯಿರಿ. ಕಪ್ಪು ಮಸಿ ಇದ್ದೇ ಇರುತ್ತದೆ. ಮಿಂಚುವ ಚೂರು ಕಂಡರೆ ಮ್ಯಾಗ್ನೆಟ್ ತನ್ನಿ. ಅಂಟಿದರೆ ಕಬ್ಬಿಣ, ಅಂದರೆ ರಿಂಗ್, ಲೈನರ್, ಗೇರ್ ಇಂಥವು. ಅಂಟದೆ ಬೆಳ್ಳಗೆ ಮೆತ್ತಗಿದ್ದರೆ ಬೇರಿಂಗಿನ ಮೇಲ್ಪದರ ಇರಬಹುದು, ಪಿಸ್ಟನ್ನಿನ ಅಲ್ಯೂಮಿನಿಯಂ ಕೂಡ ಇರಬಹುದು. ತಾಮ್ರದ ಬಣ್ಣ ಕಂಡರೆ ಬೇರಿಂಗಿನ ಮೇಲ್ಪದರ ಮುಗಿದು ಕೆಳಗಿನ ಪದರ ಬಂದಿರುವ ಸಾಧ್ಯತೆ ಜಾಸ್ತಿ. ಆಗ ಟ್ರ್ಯಾಕ್ಟರನ್ನು ಓಡಿಸದೆ ನಿಲ್ಲಿಸಿ. ಈ ಹಂತದಲ್ಲಿ ನಿಲ್ಲಿಸಿದರೆ ಬೇರಿಂಗ್ ಬದಲಿಸುವುದರಲ್ಲೇ ಮುಗಿಯಬಹುದು. ಇನ್ನೊಂದಷ್ಟು ದಿನ ಉತ್ತಿದರೆ ಕ್ರ್ಯಾಂಕನ್ನೂ ಗ್ರೈಂಡ್ ಮಾಡಿಸಬೇಕು. ಕೆಲವು ಟ್ರ್ಯಾಕ್ಟರ್‌ಗಳಲ್ಲಿ ಎಂಜಿನ್ ತಳದ ಆಯಿಲ್ ತೊಟ್ಟಿ, ಅಂದರೆ ಸಂಪೇ ಮುಂಭಾಗವನ್ನು ಹೊತ್ತಿರುತ್ತದೆ, ಸುಲಭಕ್ಕೆ ಕೆಳಗಿಳಿಯುವುದಿಲ್ಲ. ಕೆಲಸ ಒಪ್ಪಿಸುವ ಮೊದಲು ಅದನ್ನು ಕೇಳಿಕೊಳ್ಳಿ. ಸಂಪ್ ಇಳಿದಾಗ ಆಯಿಲ್ ಪಂಪು, ಅದರ ಜಾಲರಿ, ಒತ್ತಡ ಬಿಡುವ ವಾಲ್ವಿನ ಸ್ಪ್ರಿಂಗು ಇವನ್ನೂ ಬಿಡದೆ ನೋಡಿಸಿ.

ಪ್ರಶ್ನೆ: ಎಂಜಿನ್‌ನಲ್ಲಿ ಟಕ ಟಕ ಸದ್ದು. ಒಬ್ಬರು ಬೇರಿಂಗ್ ಎನ್ನುತ್ತಾರೆ, ಇನ್ನೊಬ್ಬರು ನಾಜಲ್ ಎನ್ನುತ್ತಾರೆ. ಯಾರನ್ನು ನಂಬಲಿ?

ಉತ್ತರ: ಎರಡೂ ಆಗಿರಬಹುದು, ಅದೇ ಕಷ್ಟ. ಮೇಲೆ ಹೇಳಿದಂತೆ ನಾಜಲ್ ಪೈಪಿನ ನಟ್ ಸಡಿಲಿಸಿದರೆ ಕನೆಕ್ಟಿಂಗ್ ರಾಡಿನ ತಳದ ಬಿಗ್ ಎಂಡ್ ಬೇರಿಂಗಿನ ಸದ್ದೂ ಕಮ್ಮಿಯಾಗುತ್ತದೆ, ಕೆಟ್ಟ ನಾಜಲಿನ ಸದ್ದೂ ಕಮ್ಮಿಯಾಗುತ್ತದೆ. ಹಾಗಾಗಿ ಆ ಪರೀಕ್ಷೆ ಯಾವ ಸಿಲಿಂಡರ್ ಎಂದು ಹೇಳುತ್ತದೆಯೇ ಹೊರತು ಏನು ಕೆಟ್ಟಿದೆ ಎಂದು ಹೇಳುವುದಿಲ್ಲ. ಸದ್ದು ಮಾಡುವ ಸಿಲಿಂಡರಿನ ನಾಜಲನ್ನು ಪಕ್ಕದ ಸಿಲಿಂಡರಿಗೆ ಹಾಕಿ, ಅಲ್ಲಿಯದನ್ನು ಇಲ್ಲಿಗೆ ತನ್ನಿ. ತಾಮ್ರದ ವಾಷರ್ ಹೊಸದು ಹಾಕಿ. ನಾಜಲ್ ಜೊತೆ ಸದ್ದೂ ಜಾಗ ಬದಲಿಸಿದರೆ ತಪ್ಪು ನಾಜಲಿನದು. ಸದ್ದು ಇದ್ದಲ್ಲೇ ಇದ್ದರೆ ಕೆಳಗೆ ನೋಡಬೇಕು.

ತಣ್ಣಗಿದ್ದಾಗ ಬಡಿದು ಬಿಸಿಯಾದಂತೆ ಕಮ್ಮಿಯಾಗುವುದು ಸವೆದ ಬೋರಿನಲ್ಲಿ ಪಿಸ್ಟನ್ ಅಲುಗುವ ಸದ್ದು. ಅದರೊಂದಿಗೆ ಇನ್ನೂ ಸ್ವಲ್ಪ ಕಾಲ ಹೊಲದ ಕೆಲಸ ಮಾಡಬಹುದು. ಬಿಸಿಯಾದಂತೆ, ಲೋಡ್ ಬಿದ್ದಂತೆ ಜಾಸ್ತಿಯಾಗಿ, ಜೊತೆಗೆ ಆಯಿಲ್ ಒತ್ತಡವೂ ಇಳಿದರೆ ಅದು ಬೇರಿಂಗ್. ಅದಕ್ಕೆ ಕಾಯಬೇಡಿ. ಮೇಲೆ ಹಗುರವಾಗಿ ಟಿಕ್ ಟಿಕ್ ಎನ್ನುವುದು, ಎಂಜಿನ್ ಎರಡು ಸುತ್ತು ತಿರುಗಿದಾಗ ಒಮ್ಮೆ ಕೇಳುವುದು, ಟ್ಯಾಪೆಟ್. ಅದು ಫೀಲರ್ ಗೇಜಿನ ಕೆಲಸ.

ಪ್ರಶ್ನೆ: ಡಿಪ್‌ಸ್ಟಿಕ್ ಮೇಲೆ ಹಾಲಿನಂಥ ಆಯಿಲ್ ಬಂದಿದೆ. ಲೈನರ್ ಒಡೆದಿದೆಯಾ?

ಉತ್ತರ: ಆಯಿಲಿಗೆ ನೀರು ಸೇರಿದೆ. ಎಲ್ಲಿಂದ ಎಂದು ನೋಡಬೇಕು. ಸ್ಟಾರ್ಟ್ ಮಾಡಬೇಡಿ. ರಾತ್ರಿಯಿಡೀ ನಿಲ್ಲಿಸಿ, ಬೆಳಿಗ್ಗೆ ಆಯಿಲ್ ಬಿಡುವ ಬೋಲ್ಟನ್ನು ಮೆಲ್ಲಗೆ ಸಡಿಲಿಸಿ. ನೀರು ಭಾರ, ಆದ್ದರಿಂದ ಮೊದಲು ಅದೇ ಬರುತ್ತದೆ. ಕೂಲೆಂಟ್ ಬಣ್ಣ ಇದ್ದರೆ ರೇಡಿಯೇಟರಿನದು. ಬಣ್ಣ ಇಲ್ಲದೆ ಕೆಲವೇ ಹನಿ ಬಂದರೆ, ಮಳೆನೀರು ಸೈಲೆನ್ಸರ್ ಬಾಯಿಯಿಂದ ಇಳಿದಿದೆಯಾ ಎಂದು ಮೊದಲು ನೋಡಿ.

ರೇಡಿಯೇಟರಿನದೇ ಆದರೆ ಹೆಡ್ ಗ್ಯಾಸ್ಕೆಟ್, ಹೆಡ್ಡಿನ ಬಿರುಕು ಇವು ಇದ್ದೇ ಇವೆ. ನೀರು ನೇರವಾಗಿ ಲೈನರನ್ನು ಸುತ್ತುವ ಎಂಜಿನ್‌ಗಳಲ್ಲಿ ಲೈನರ್ ತಳದ ರಬ್ಬರ್ ರಿಂಗ್ ಸೋರುವುದೂ ಸಾಮಾನ್ಯ. ಅಂಥ ಲೈನರುಗಳಿಗೆ ಇನ್ನೊಂದು ಕಾಯಿಲೆ ಇದೆ. ಪಿಸ್ಟನ್ ಬಡಿತಕ್ಕೆ ಲೈನರ್ ನಡುಗುತ್ತದೆ. ಆಗ ಹೊರಮೈಗೆ ತಾಗಿದ ನೀರಿನಲ್ಲಿ ಸಣ್ಣ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ. ಒಡೆದಾಗಲೆಲ್ಲ ಲೋಹದ ಕಣ ಕಿತ್ತುಬರುತ್ತದೆ. ಬರುಬರುತ್ತಾ ಸೂಜಿಮೊನೆಯಷ್ಟು ತೂತು ಬಿದ್ದು ನೀರು ಒಳಗೆ ಬರುತ್ತದೆ. ಬರೀ ನೀರು ಹಾಕಿ ಓಡಿಸಿದ ಎಂಜಿನ್‌ಗಳಲ್ಲಿ ಇದು ಜಾಸ್ತಿ. ಕೂಲೆಂಟಿನಲ್ಲಿರುವ ಔಷಧ ಲೈನರ್ ಮೇಲೆ ಪದರ ಕಟ್ಟಿ ಕಾಯುತ್ತದೆ. ಹುಡುಕುವುದು ಹೀಗೆ: ಸಂಪ್ ಇಳಿಸಿ, ರೇಡಿಯೇಟರಿಗೆ ಹದವಾಗಿ ಗಾಳಿ ಒತ್ತಡ ಕೊಟ್ಟು, ಕೆಳಗಿನಿಂದ ಟಾರ್ಚ್ ಹಿಡಿದು ಯಾವ ಲೈನರಿನಿಂದ ಹನಿ ಬೀಳುತ್ತದೆ ನೋಡಿ. ಹನಿ ಲೈನರಿನ ಒಳಗಿನಿಂದ ಬಂತಾ, ಹೊರಗಿನ ಅಂಚಿನಿಂದ ಬಂತಾ ಎಂಬುದರಲ್ಲೇ ಉತ್ತರ ಇದೆ.

ಪ್ರಶ್ನೆ: ಹಳೆ ಟ್ರ್ಯಾಕ್ಟರ್ ಕೊಳ್ಳಲು ಹೋಗುತ್ತಿದ್ದೇನೆ. ಏನು ನೋಡಲಿ?

ಉತ್ತರ: ಹೋದ ಕೂಡಲೇ ಎಂಜಿನ್ ಮೇಲೆ ಕೈ ಇಡಿ. ಆಗಲೇ ಬೆಚ್ಚಗಿದ್ದರೆ ಇನ್ನೊಂದು ದಿನ ಬೆಳಿಗ್ಗೆ ಬರುತ್ತೇನೆ ಎನ್ನಿ. ಸವೆದ ಎಂಜಿನ್ ನಿಜ ಹೇಳುವುದು ತಣ್ಣಗಿದ್ದಾಗ ಮಾತ್ರ. ಸ್ಟಾರ್ಟ್ ಮಾಡಲು ಈಥರ್ ಸ್ಪ್ರೇ ತಂದರೆ ಹುಷಾರಾಗಿ. ಹೀಟರ್ ಇರುವ ಎಂಜಿನ್ನಿಗೆ ಅದನ್ನು ಹೊಡೆದರೆ ಬೆಂಕಿ, ಸ್ಫೋಟದ ಅಪಾಯ ಇದೆ. ಅದಿಲ್ಲದೆ ಸ್ಟಾರ್ಟ್ ಆಗಲ್ಲ ಎಂದರೆ ಕಂಪ್ರೆಶನ್ ಹೋಗಿದೆ ಎಂದುಕೊಂಡೇ ಬೆಲೆ ಮಾತಾಡಿ. ಅವರ್ ಮೀಟರನ್ನು ಜಾಸ್ತಿ ನಂಬಬೇಡಿ. ಹಳೆಯವು ಎಂಜಿನ್ ಸುತ್ತಿನ ಲೆಕ್ಕದಲ್ಲಿ ಓಡುತ್ತವೆ, ನಿಜವಾದ ಗಂಟೆಯನ್ನೇ ತೋರಿಸುತ್ತವೆ ಎಂದೇನಿಲ್ಲ. ಬಿಸಿಯಾದ ಮೇಲೆ ಮುಚ್ಚಳದ ಪರೀಕ್ಷೆ ಮಾಡಿ, ಹೋಸಿನೊಳಗೆ ಬೆರಳು ಹಾಕಿ, ಒಮ್ಮೆ ಲೋಡ್ ಕೊಟ್ಟು ಓಡಿಸಿ.

ಪ್ರಶ್ನೆ: ಅಪ್ಪ ತೀರಿಕೊಂಡ ಮೇಲೆ ಅವರ ಟ್ರ್ಯಾಕ್ಟರ್ ವರ್ಷಗಟ್ಟಲೆ ಶೆಡ್ಡಿನಲ್ಲೇ ನಿಂತಿದೆ. ಈಗ ನಾನೇ ಓಡಿಸಬೇಕು ಅಂತಿದ್ದೇನೆ. ಬ್ಯಾಟರಿ ಹಾಕಿ ಸೆಲ್ಫ್ ಹೊಡೆಯಬಹುದಾ ಸರ್?

ಉತ್ತರ: ಖಂಡಿತ ಓಡಿಸಿ ಅಮ್ಮಾ, ಆದರೆ ಸೆಲ್ಫ್ ಕೊನೆಗೆ. ನಿಂತ ಎಂಜಿನ್‌ನಲ್ಲಿ ರಿಂಗ್ ಲೈನರಿಗೆ ತುಕ್ಕು ಹಿಡಿದು ಅಂಟಿರಬಹುದು. ಬಲವಂತ ಮಾಡಿದರೆ ರಿಂಗ್ ಮುರಿಯುತ್ತದೆ.

ನಾಜಲ್‌ಗಳನ್ನು ಬಿಚ್ಚಿಸಿ, ಪ್ರತಿ ಸಿಲಿಂಡರಿಗೂ ಸ್ವಲ್ಪ ತೆಳು ಆಯಿಲ್ ಬಿಟ್ಟು ಒಂದೆರಡು ದಿನ ನೆನೆಯಲು ಬಿಡಿ. ಆಮೇಲೆ ಮುಂದಿನ ಪುಲ್ಲಿ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಿಂದಲೇ ಎರಡು ಸುತ್ತು ತಿರುಗಿಸಿ. ತಡೆದರೆ ಒತ್ತಬೇಡಿ, ಇನ್ನಷ್ಟು ನೆನೆಯಲಿ. ಟ್ಯಾಪೆಟ್ ಕವರ್ ತೆಗೆದು, ತಿರುಗಿಸುವಾಗ ಎಲ್ಲ ವಾಲ್ವುಗಳೂ ಮೇಲೆ ಕೆಳಗೆ ಆಡುತ್ತವಾ ನೋಡಿ. ಒಂದು ಸಿಕ್ಕಿಕೊಂಡಿದ್ದರೂ ಪುಶ್ ರಾಡ್ ಬಾಗುತ್ತದೆ. ಹಳೆ ಆಯಿಲ್, ಹಳೆ ಡೀಸೆಲ್, ಫಿಲ್ಟರುಗಳು ಎಲ್ಲ ಬದಲಾಗಲಿ. ಏರ್ ಕ್ಲೀನರ್ ಪೈಪಿನೊಳಗೆ ಇಲಿ ಗೂಡು ಕಟ್ಟಿದೆಯಾ ಎಂದೂ ನೋಡಿ. ನಾಜಲ್ ಇಲ್ಲದೆಯೇ, ಸ್ಟಾಪ್ ಎಳೆದು, ಆಯಿಲ್ ಒತ್ತಡ ಬರುವವರೆಗೆ ಸೆಲ್ಫ್ ಹೊಡೆಯಿರಿ. ಸಿಲಿಂಡರಿನಲ್ಲಿ ಉಳಿದ ಆಯಿಲ್ ತೂತುಗಳಿಂದ ಚಿಮ್ಮುತ್ತದೆ, ದೂರ ನಿಲ್ಲಿ. ಅದೆಲ್ಲ ಹೊರಬಿದ್ದ ಮೇಲೆ ನಾಜಲ್ ಹಾಕಿ ಸ್ಟಾರ್ಟ್ ಮಾಡಿ.

ಮೊದಲಿಗೆ ಹೊಗೆ ದಟ್ಟವಾಗಿಯೇ ಬರುತ್ತದೆ, ಅದನ್ನು ನೋಡಿ ಎಂಜಿನ್ ಹೋಯಿತು ಎಂದುಕೊಳ್ಳಬೇಡಿ. ಸ್ಲೋನಲ್ಲಿ ಗಂಟೆಗಟ್ಟಲೆ ಬಿಡುವುದು ಮಾತ್ರ ಬೇಡ. ಹಾಗೆ ಬಿಟ್ಟರೆ ಲೈನರ್ ಮೈ ಗಾಜಿನಂತೆ ನುಣುಪಾಗಿ ಆಯಿಲ್ ನಿಲ್ಲದಂತಾಗುತ್ತದೆ. ಬಿಸಿಯಾದ ಮೇಲೆ ಹಗುರ ಕೆಲಸಕ್ಕೆ ಹಚ್ಚಿ, ದಿನದಿನಕ್ಕೆ ಲೋಡ್ ಜಾಸ್ತಿ ಮಾಡಿ. ಅಂಟಿದ ರಿಂಗ್ ದುಡಿಯುತ್ತಾ ಬಿಡಿಸಿಕೊಳ್ಳುವುದುಂಟು. ಅಷ್ಟು ಕೆಲಸ ಮಾಡಿಸಿದ ಮೇಲೂ ಬ್ರೀದರ್ ಜೋರಾಗಿ ಉಸಿರು ಬಿಟ್ಟರೆ ಕಂಪ್ರೆಶನ್ ಗೇಜ್ ಹಾಕಿಸಿ, ಮೂರೋ ನಾಲ್ಕೋ ಸಿಲಿಂಡರಿನ ಅಂಕಿಗಳನ್ನು ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ನೋಡೋಣ.